ಫೈಲ್ ಅಳಿಸಿದರೂ ಡಿಸ್ಕಿನಲ್ಲಿ ಜಾಗ ಸಿಗದಿದ್ದಾಗ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ಕಚೇರಿಯಿಂದ, ಬ್ಯಾಡಗಿ ಮಾರುಕಟ್ಟೆಯ ಕೆಲವು ದಲ್ಲಾಳಿ ಅಂಗಡಿಗಳ ಲಿನಕ್ಸ್ ಸರ್ವರುಗಳನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಹಂಗಾಮಿನಲ್ಲಿ ಮೆಣಸಿನಕಾಯಿಯ ಆವಕ ಏರುತ್ತಿದ್ದಂತೆ ರೈತರಿಗೆ ಬರೆದುಕೊಡುವ ಪಟ್ಟಿಗಳೂ, ಅಂದರೆ ಮಾರಾಟದ ಲೆಕ್ಕದ ಚೀಟಿಗಳೂ ಹೆಚ್ಚುತ್ತವೆ. ಪಟ್ಟಿ ತಯಾರಿಸುವ ಪ್ರೋಗ್ರಾಮು ತನ್ನ ಕೆಲಸವನ್ನು ದಾಖಲಿಸುವ ಲಾಗ್ ಫೈಲೂ ಅದೇ ವೇಗದಲ್ಲಿ ಬೆಳೆಯುತ್ತದೆ. ಹೀಗಾಗಿ ಡಿಸ್ಕ್ ತುಂಬುವುದು ಟೆಂಡರ್ ಮುಗಿದ ಮೇಲಿನ ಗಡಿಬಿಡಿಯ ಹೊತ್ತಿನಲ್ಲಿಯೇ.

ಕಳೆದ ಹಂಗಾಮಿನಲ್ಲಿ ಒಂದು ಅಂಗಡಿಯ ಗುಮಾಸ್ತರು ಫೋನ್ ಮಾಡಿ, "ಸರ, ದೊಡ್ಡ ಲಾಗ್ ಫೈಲ್ ಡಿಲೀಟ್ ಮಾಡೇವ್ರಿ, ಆದ್ರೂ ಡಿಸ್ಕ್ ಫುಲ್ ಅಂತನ ತೋರಸಾಕತ್ತೈತ್ರಿ" ಎಂದರು. ಲಾಗಿನ್ ಆಗಿ ನೋಡಿದರೆ, ಡಿಸ್ಕಿನ ಬಳಕೆ ತೋರಿಸುವ ಡಿಎಫ್ ಕಮಾಂಡು ನೂರಕ್ಕೆ ನೂರು ತುಂಬಿದೆ ಎನ್ನುತ್ತಿತ್ತು. ಫೈಲುಗಳ ಗಾತ್ರ ಕೂಡಿಸುವ ಡಿಯು ಕಮಾಂಡು ಕೊಟ್ಟ ಮೊತ್ತ ಅದರ ಅರ್ಧವನ್ನೂ ಮುಟ್ಟಿರಲಿಲ್ಲ. ಎರಡೂ ಸುಳ್ಳು ಹೇಳುತ್ತಿರಲಿಲ್ಲ. ಬಳಕೆಯಲ್ಲಿರುವ ಬ್ಲಾಕುಗಳು, ಅಂದರೆ ಡಿಸ್ಕಿನ ಜಾಗದ ತುಂಡುಗಳು ಎಷ್ಟು ಎಂಬುದನ್ನು ಡಿಎಫ್ ಫೈಲ್ ಸಿಸ್ಟಮ್‌ನಿಂದಲೇ ಪಡೆದು ಹೇಳುತ್ತದೆ, ಡಿಯು ಮಾತ್ರ ಡೈರೆಕ್ಟರಿಗಳನ್ನು ಹೊಕ್ಕು, ಹೆಸರಿರುವ ಫೈಲುಗಳನ್ನಷ್ಟೇ ಕೂಡಿಸುತ್ತದೆ.

ಲಿನಕ್ಸಿನಲ್ಲಿ ಫೈಲ್ ಅಳಿಸುವ ಆರ್‌ಎಂ ಕಮಾಂಡು ತೆಗೆಯುವುದು ಫೈಲಿನ ಹೆಸರನ್ನು. ಆ ಫೈಲಿಗೆ ಬೇರೆ ಯಾವ ಹೆಸರೂ ಉಳಿಯದೆ, ಅದನ್ನು ತೆರೆದಿಟ್ಟುಕೊಂಡ ಪ್ರೊಸೆಸ್‌ಗಳೆಲ್ಲ (ಓಡುತ್ತಿರುವ ಪ್ರೋಗ್ರಾಮುಗಳೆಲ್ಲ) ಅದನ್ನು ಮುಚ್ಚಿದ ಮೇಲೆಯೇ ಬ್ಲಾಕುಗಳು ಬಿಡುಗಡೆಯಾಗುತ್ತವೆ. ತೆರೆದಿರುವ ಫೈಲುಗಳನ್ನು ತೋರಿಸುವ ಎಲ್‌ಎಸ್‌ಒಎಫ್ ಕಮಾಂಡಿಗೆ ಪ್ಲಸ್ ಎಲ್ ಒಂದು (+L1) ಎಂಬ ಆಯ್ಕೆ ಕೊಟ್ಟಾಗ, ಹೆಸರು ಕಳೆದುಕೊಂಡರೂ ತೆರೆದೇ ಇರುವ ಫೈಲುಗಳು ಕಾಣಿಸುತ್ತವೆ. ಅಂಗಡಿಯವರು ಅಳಿಸಿದ್ದ ಲಾಗ್ ಅಲ್ಲಿಯೇ ಇತ್ತು. ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರು ಮಾಡುವುದು ಸರಳ ದಾರಿಯಾದರೂ, ರೈತರು ಪಟ್ಟಿಗಾಗಿ ಸಾಲುಗಟ್ಟಿ ನಿಂತಿರುವಾಗ ಅದನ್ನು ಮಾಡಲು ನನಗೆ ಮನಸ್ಸಾಗಲಿಲ್ಲ. ಪ್ರೊಸೆಸ್‌ಗಳ ವಿವರವಿರುವ ಪ್ರೊಕ್ ಡೈರೆಕ್ಟರಿಯಲ್ಲಿ ಆ ಪ್ರೊಸೆಸ್‌ನ ಸಂಖ್ಯೆಯ ಕೆಳಗಿರುವ ಎಫ್‌ಡಿ ಎಂಬ ಜಾಗದಿಂದ ಅದೇ ಫೈಲನ್ನು ಹಿಡಿದು, ಟ್ರಂಕೇಟ್ ಕಮಾಂಡಿನಿಂದ ಅದರ ಗಾತ್ರವನ್ನು ಸೊನ್ನೆಗೆ ಇಳಿಸಿದೆ. ಡಿಎಫ್ ಕೂಡಲೇ ಖಾಲಿ ಜಾಗ ತೋರಿಸಿತು.

ಇದರಲ್ಲೊಂದು ಸೂಕ್ಷ್ಮವಿದೆ. ಪ್ರೋಗ್ರಾಮು ಲಾಗನ್ನು ಕೊನೆಗೆ ಸೇರಿಸುವ ರೀತಿಯಲ್ಲಿ, ಅಂದರೆ ಅಪೆಂಡ್ ಮೋಡಿನಲ್ಲಿ ತೆರೆದಿರದಿದ್ದರೆ, ಫೈಲು ಸೊನ್ನೆಯಾದ ಮೇಲೂ ಅದು ತನ್ನ ಹಳೆಯ ಸ್ಥಾನದಿಂದಲೇ ಬರೆಯುವುದನ್ನು ಮುಂದುವರಿಸುತ್ತದೆ. ಆಗ ಮೊದಲ ಭಾಗವೆಲ್ಲ ಪೊಳ್ಳಾಗಿರುವ ಸ್ಪಾರ್ಸ್ ಫೈಲು ಉಂಟಾಗುತ್ತದೆ. ಅಂಥ ಫೈಲಿಗೆ ಹೆಸರಿದ್ದರೆ ಫೈಲುಗಳ ಹೆಸರು, ಗಾತ್ರ ತೋರಿಸುವ ಎಲ್‌ಎಸ್ ಕಮಾಂಡಿನ ವಿವರವಾದ ಪಟ್ಟಿ ಅದಕ್ಕೆ ಹಲವು ಜಿಬಿ ಎನ್ನುತ್ತದೆ, ಡಿಯು ಕೆಲವೇ ಎಂಬಿ ಎನ್ನುತ್ತದೆ; ಗಾಬರಿಯಾಗದೆ ಡಿಯು ಹೇಳಿದ್ದನ್ನು ನಂಬಬೇಕು.

ಈಗ ಎಲ್ಲ ಸರ್ವರುಗಳಲ್ಲಿ ಲಾಗ್‌ರೊಟೇಟ್ ಎಂಬ ಪ್ರೋಗ್ರಾಮು ಗಾತ್ರದ ಮಿತಿ ನೋಡಿಕೊಂಡು ಲಾಗುಗಳನ್ನು ಸರದಿಯಂತೆ ಬದಲಿಸುತ್ತದೆ. ಲಾಗನ್ನು ನಕಲು ಮಾಡಿ ಮೂಲವನ್ನು ಖಾಲಿ ಮಾಡುವ ಅದರ ಕಾಪಿಟ್ರಂಕೇಟ್ ಆಯ್ಕೆಯಲ್ಲಿ ನಕಲಿಗೂ ಖಾಲಿ ಮಾಡುವುದಕ್ಕೂ ನಡುವಿನ ಕ್ಷಣದಲ್ಲಿ ಕೆಲವು ಸಾಲುಗಳು ಕಳೆದುಹೋಗಬಹುದಾದ್ದರಿಂದ, ಪ್ರೋಗ್ರಾಮಿಗೆ ಸಿಗ್ನಲ್ ಕೊಟ್ಟು ಹೊಸ ಫೈಲು ತೆರೆಸುವುದೇ ನನಗೆ ಹಿಡಿಸುತ್ತದೆ. ಜಾಗ ತಿಂದ ಫೈಲನ್ನು ಹುಡುಕುವಾಗ, ಒಂದೇ ಫೈಲ್ ಸಿಸ್ಟಮ್‌ನೊಳಗೆ ಉಳಿಯುವಂತೆ ಡಿಯುಗೆ ಎಕ್ಸ್ ಆಯ್ಕೆ ಕೊಡುವುದನ್ನು ಬಿಡಬಾರದು. ಇಲ್ಲದಿದ್ದರೆ ಜೋಡಿಸಿಟ್ಟ ಬ್ಯಾಕಪ್ ಡಿಸ್ಕಿನ ಲೆಕ್ಕವೂ ಸೇರಿ ದಾರಿ ತಪ್ಪಿಸುತ್ತದೆ.

ಜಾಗವಿದ್ದೂ ಫೈಲು ಉಳಿಸಲಾಗದಿದ್ದರೆ ಡಿಎಫ್‌ಗೆ ಐ ಆಯ್ಕೆ ಕೊಟ್ಟು ಐನೋಡುಗಳನ್ನು, ಅಂದರೆ ಪ್ರತಿ ಫೈಲಿನ ವಿವರ ಇಡುವ ದಾಖಲೆಗಳನ್ನು ನೋಡಬೇಕು, ಏಕೆಂದರೆ ಪ್ರತಿ ಪಟ್ಟಿಗೊಂದು ಪಿಡಿಎಫ್ ಉಳಿಸುವ ಅಂಗಡಿಗಳಲ್ಲಿ ಬ್ಲಾಕುಗಳಿಗಿಂತ ಮೊದಲು ಅವೇ ಮುಗಿಯಬಹುದು. ಇನ್ನು ಎಕ್ಸ್ಟ್4 ಫೈಲ್ ಸಿಸ್ಟಮ್ ಸಾಮಾನ್ಯವಾಗಿ ರೂಟ್ ಎಂಬ ಮುಖ್ಯ ಬಳಕೆದಾರನಿಗಾಗಿ ಶೇ. 5ರಷ್ಟು ಬ್ಲಾಕುಗಳನ್ನು ಕಾಯ್ದಿರಿಸುತ್ತದೆ. ಪಿಡಿಎಫ್‌ಗಳಿಗೆಂದೇ ಇರುವ ಪ್ರತ್ಯೇಕ ಡಿಸ್ಕುಗಳಲ್ಲಿ ನಾನು ಇದನ್ನು ಟ್ಯೂನ್2ಎಫ್‌ಎಸ್ ಕಮಾಂಡಿನಿಂದ ಶೇ. 1ಕ್ಕೆ ಇಳಿಸಿದ್ದೇನೆ, ಸಿಸ್ಟಮ್ ಇರುವ ಡಿಸ್ಕಿನಲ್ಲಿ ಮಾತ್ರ, ಸಾಹುಕಾರರು ಎಷ್ಟು ಕೇಳಿದರೂ, ಅದನ್ನು ಮುಟ್ಟಿಲ್ಲ.