ಗ್ರೀಕ್ ನಾಟಕದಲ್ಲಿ ಕನ್ನಡ ಇದೆಯಂತೆ, ನಿಜಾನಾ?

ನನಗೆ ಹಳೆಯ ಕಥೆಗಳ ಹುಚ್ಚು ಅಂತ ಗೊತ್ತಿರುವವರೆಲ್ಲ ಕೇಳುವ ಪ್ರಶ್ನೆ ಇದು. "ಈಜಿಪ್ಟಿನಲ್ಲಿ ಸಿಕ್ಕ ಗ್ರೀಕ್ ನಾಟಕದಲ್ಲಿ ಕನ್ನಡ ಇದೆಯಂತೆ, ನಿಜಾನಾ?" ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ. ಒಂದೇ ಮಾತಿನ ಉತ್ತರ ಬೇಕಾದರೆ, ಇರಬಹುದು. ಆದರೆ ಅಷ್ಟಕ್ಕೇ ಸುಮ್ಮನಾಗಲು ನನಗೆ ಮನಸ್ಸು ಬರುವುದಿಲ್ಲ.

ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿ.ಮೀ. ದೂರದಲ್ಲಿ ಆಕ್ಸಿರಿಂಕಸ್ ಅಂತ ಒಂದು ಹಳೆಯ ಊರು. ಅಲ್ಲಿನವರು ನೂರಾರು ವರ್ಷ ಊರಾಚೆ ಕಸ ಸುರಿದಿದ್ದರು. ಮಳೆ ಕಾಣದ ಮರಳು ಅದನ್ನು ಹಾಗೇ ಉಳಿಸಿತ್ತು. 1896ರ ಕೊನೆಯಿಂದ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ವಿದ್ವಾಂಸರು ಆ ತಿಪ್ಪೆಗಳನ್ನು ಅಗೆದರು. ಲೆಕ್ಕದ ಚೀಟಿ, ಮನೆಗೆ ಬರೆದ ಕಾಗದ, ಕಾವ್ಯದ ತುಂಡು, ಎಲ್ಲವೂ ಸಿಕ್ಕಿತು. 1903ರಲ್ಲಿ 413ನೆಯ ಸಂಖ್ಯೆ ಕೊಟ್ಟು ಅವರು ಅಚ್ಚು ಹಾಕಿಸಿದ ಪಪೈರಸ್ಸಿನಲ್ಲಿ, ಅಂದರೆ ಜೊಂಡಿನಿಂದ ಮಾಡಿದ ಹಳೆಯ ಕಾಗದದಲ್ಲಿ, ಈ ನಾಟಕ ಇದೆ. ಬರಹ ಕ್ರಿ.ಶ. 2ನೆಯ ಶತಮಾನದ್ದು.

ಕಥೆ ಎಷ್ಟು ಚೆನ್ನಾಗಿದೆ ನೋಡಿ. ಖಾರಿಷನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲತೀರದಲ್ಲಿ ಸೆರೆಯಾಗಿದ್ದಾಳೆ, ಚಂದ್ರದೇವತೆಯ ಗುಡಿಯಲ್ಲಿ. ಅವಳಣ್ಣ ಹಡಗಿನಲ್ಲಿ ಬರುತ್ತಾನೆ, ಜೊತೆಗೊಬ್ಬ ವಿದೂಷಕ. ಬೇಟೆಯಿಂದ ಮರಳುವ ಹೆಂಗಸರ ಬಿಲ್ಲಿಗೆ ಆ ವಿದೂಷಕ ಸಿಕ್ಕಿಬೀಳುವುದರಲ್ಲಿದ್ದ, ಹೂಸು ಬಿಟ್ಟೇ ಅವರನ್ನು ಓಡಿಸುತ್ತಾನೆ! ಆಮೇಲೆ ಗುಡಿಯ ಒಡವೆ ಕದಿಯೋಣ ಅಂತಾನೆ. ಬೇಡ, ತಪ್ಪು ಮಾಡಿದವರ ಮೊರೆಯನ್ನು ದೇವರು ಕೇಳುವುದಿಲ್ಲ ಅಂತ ಖಾರಿಷನ್ ತಡೆಯುತ್ತಾಳೆ. ಕೊನೆಗೆ ರಾಜನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಕಟ್ಟಿಹಾಕಿ, ಎಲ್ಲರೂ ಹಡಗು ಹತ್ತುತ್ತಾರೆ. ಎಲ್ಲಿ ವಾದ್ಯ ಬಾರಿಸಬೇಕು ಅನ್ನುವ ಗುರುತು ಕೂಡ ಆ ಹಾಳೆಯಲ್ಲಿದೆ.

ರಾಜ ಮತ್ತು ಅವನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಪ್ರಶ್ನೆ ಹುಟ್ಟಿದ್ದೇ ಅಲ್ಲಿ. 1904ರಲ್ಲಿ ಹುಲ್ಟ್ಶ್ ಎಂಬ ಜರ್ಮನ್ ಶಾಸನತಜ್ಞರು ಇದು ಕನ್ನಡ ಅಂದರು. ದಕ್ಷಿಣ ಭಾರತದ ಶಾಸನಗಳನ್ನು ವರ್ಷಗಟ್ಟಲೆ ಓದಿದವರು, ಸುಮ್ನೆ ಹೇಳುವವರಲ್ಲ. ಗ್ರೀಕ್ ಅಕ್ಷರದಲ್ಲಿ ಇರುವುದು ಹೆಚ್ಚು ಕಡಿಮೆ ಹೀಗೆ: ಬೆರೆ ಕೊನ್ಜೆಯ್ ದಮುನ್ ಪೆತ್ರೆಕಿಯೊ ಪಕ್ತೆಯ್. ಅವರು ಓದಿದ್ದು ಹೀಗೆ: ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ.

ಮೊದಲ ಸಲ ಇದನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಕೊನೆಯ ಪದದಲ್ಲಿ ಹ ಇಲ್ಲ, ಪ ಇದೆ, ಗಮನಿಸಿ. ಹಾಲು ಹಿಂದೆ ಪಾಲು ಆಗಿತ್ತಲ್ಲ, ಹಾಗೆಯೇ ಹಾಕು ಅನ್ನುವುದರ ಹಳೆಯ ರೂಪ ಪಾಯ್ಕು. ಇದು ಕನ್ನಡದ ಪರವಾದ ಸಾಕ್ಷಿ ಅಂತ ನನ್ನ ಎಣಿಕೆ.

ಆದರೆ "ದಮುನ್" "ಮಧು" ಆಗಬೇಕಾದರೆ ಅಕ್ಷರಗಳನ್ನು ಹಿಂದೆ ಮುಂದೆ ಮಾಡಬೇಕು, ಅಲ್ವಾ? ಆ ಕಾಲದ ಗ್ರೀಕ್ ಬರಹದಲ್ಲಿ ಪದಗಳ ನಡುವೆ ಜಾಗವನ್ನೇ ಬಿಡುತ್ತಿರಲಿಲ್ಲ, ಹಾಗಾಗಿ ಎಲ್ಲಿ ತುಂಡರಿಸಬೇಕು ಅನ್ನುವುದು ಓದುವವರ ಕೈಯಲ್ಲೇ ಇದೆ, ನಮಗೆ ಬೇಕಾದ ಪದ ಬರುವ ಹಾಗೆ ತುಂಡರಿಸುವ ಆಸೆಯೂ ಜಾಸ್ತಿ. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಶಾಮಶಾಸ್ತ್ರಿಗಳು ಕನ್ನಡವೇ ಅಂದರು. ಬಾರ್ನೆಟ್ ಎಂಬ ಇಂಗ್ಲಿಷ್ ವಿದ್ವಾಂಸರು ಒಪ್ಪಲಿಲ್ಲ. ತುಳು ಅಂದವರಿದ್ದಾರೆ, ನಗಿಸಲು ಕಟ್ಟಿದ ಅರ್ಥವಿಲ್ಲದ ಸದ್ದು ಅಂದವರೂ ಇದ್ದಾರೆ. ಅದಕ್ಕೇ ನಾನು "ಹೌದು" ಅನ್ನುವುದಿಲ್ಲ. ಹಲ್ಮಿಡಿಗಿಂತ ಹಳೆಯ ಕನ್ನಡ ಸಿಕ್ಕಿತು ಅಂತ ಕುಣಿಯುವ ಆಸೆ ನನಗೂ ಇದೆ, ಆದರೆ ಇಷ್ಟು ಸಾಕ್ಷಿ ಸಾಲದು.

ಆದರೂ ಬರೀ ಸದ್ದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಒಂದು ಕಡೆ ವಿದೂಷಕ "ಏನಂತಾರೆ ಇವರು?" ಅಂತ ಕೇಳುತ್ತಾನೆ. ಪಾಲಿಗೆ ಚೀಟಿ ಎತ್ತೋಣ ಅಂತಿದ್ದಾರೆ ಅಂತ ಖಾರಿಷನ್‌ಳ ಅಣ್ಣ ತಿಳಿಸಿ ಹೇಳುತ್ತಾನೆ. ಅಂದರೆ ಅವನಿಗೆ ಆ ಭಾಷೆ ಬರುತ್ತದೆ. ಅಂಥವರು ಆಗ ನಿಜವಾಗಿಯೂ ಇದ್ದಿರಬೇಕು. ಕೆಂಪು ಸಮುದ್ರದ ಬೆರೆನಿಕೆ ಬಂದರಿನ ಗುಡಿಯಲ್ಲಿ, ಏಳು ಕಿಲೋಗೂ ಜಾಸ್ತಿ ಕರಿಮೆಣಸು ತುಂಬಿದ್ದ ಭಾರತದ ಮಣ್ಣಿನ ಜಾಡಿಯೇ ಸಿಕ್ಕಿದೆ. ಮೆಣಸಿಗೆ ಬಂದ ನಾವಿಕರು ವಾಪಸು ಹೋಗುವ ಗಾಳಿಗಾಗಿ ನಮ್ಮ ಪಡುವಣ ಕರಾವಳಿಯಲ್ಲಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಹಾಗೆ ಕಾದು ಕೂತವರು ಮೊದಲು ಕಲಿತ ಮಾತು "ಇನ್ನು ಸ್ವಲ್ಪ ಹಾಕಿ" ಅಂತಲೇ ಇದ್ದಿರಬಹುದು.