ಟ್ವೀಡ್‌ನ ಬೆನ್ನು ಬಿಡದ ಚಿತ್ರಗಳು

ನ್ಯೂಜೆರ್ಸಿಯ ಮಾರಿಸ್‌ಟೌನ್ ನಾನಿರುವಲ್ಲಿಂದ ದೂರವಿಲ್ಲ. ಥಾಮಸ್ ನಾಸ್ಟ್ ಎಂಬ ವ್ಯಂಗ್ಯಚಿತ್ರಕಾರ ಬಹುಕಾಲ ಬಾಳಿದ ಊರದು. ಅವನ ಮನೆಯೆದುರಿನ ಮೆಕಲಕ್ ಹಾಲ್ ಈಗ ವಸ್ತುಸಂಗ್ರಹಾಲಯವಾಗಿದ್ದು, ಅವನ ಚಿತ್ರಗಳ ದೊಡ್ಡ ಸಂಗ್ರಹ ಅಲ್ಲಿದೆ. ಊರಿನಿಂದ ನೆಂಟರು ಬಂದರೆ ಅವರಿಗೆ ನಾನು ತಪ್ಪದೆ ಹೇಳುವ ಕಥೆ ನಾಸ್ಟ್ ಮತ್ತು ಟ್ವೀಡ್‌ರದು.

ವಿಲಿಯಂ ಟ್ವೀಡ್ 1860ರ ದಶಕದ ನ್ಯೂಯಾರ್ಕಿನ ಅನಭಿಷಿಕ್ತ ದೊರೆ. ಟಮ್ಮನಿ ಹಾಲ್ ಎಂಬ ಡೆಮಾಕ್ರಟಿಕ್ ಪಕ್ಷದ ಕೂಟ ಅವನ ಹಿಡಿತದಲ್ಲಿತ್ತು. ನಗರದ ಕೆಲಸಗಳಿಗೆ ಉಬ್ಬಿಸಿದ ಬಿಲ್ಲು ಬರೆಸುವುದು, ಹೆಚ್ಚುವರಿ ಹಣವನ್ನು ತಮ್ಮೊಳಗೆ ಹಂಚಿಕೊಳ್ಳುವುದು ಅವರ ರೀತಿ. ಸಿಟಿ ಹಾಲ್ ಹಿಂದೆ, ಚೇಂಬರ್ಸ್ ಬೀದಿಯಲ್ಲಿರುವ ಹಳೆಯ ನ್ಯಾಯಾಲಯದ ಕಟ್ಟಡವೇ ಇದಕ್ಕೆ ಸಾಕ್ಷಿ. ಅಮೆರಿಕ 1867ರಲ್ಲಿ ಇಡೀ ಅಲಾಸ್ಕಾವನ್ನು ಕೊಂಡದ್ದು 72 ಲಕ್ಷ ಡಾಲರಿಗೆ. ಈ ಒಂದು ಕಟ್ಟಡ ಅದರ ಸುಮಾರು ಎರಡು ಪಟ್ಟು ಹಣ ನುಂಗಿತು.

1871ರ ಜುಲೈಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಗುಟ್ಟಿನ ಲೆಕ್ಕಪತ್ರಗಳನ್ನು ಪ್ರಕಟಿಸಿತು. ಆ ಅಂಕಿಗಳಿಗೆ ಮುಖ ಕೊಟ್ಟವನು ನಾಸ್ಟ್. ‘ಹಾರ್ಪರ್ಸ್ ವೀಕ್ಲಿ’ಯಲ್ಲಿ ಆಗಸ್ಟ್ 19ರಂದು ಬಂದ ಚಿತ್ರವನ್ನು ನಾನು ಎಷ್ಟು ನೋಡಿದರೂ ದಣಿಯುವುದಿಲ್ಲ. ಜನರ ದುಡ್ಡು ಕದ್ದವರು ಯಾರೆಂಬುದು ಪ್ರಶ್ನೆ. ಗಂಡಸರು ವೃತ್ತಾಕಾರವಾಗಿ ನಿಂತಿದ್ದಾರೆ. ಪ್ರತಿಯೊಬ್ಬನೂ ಪಕ್ಕದವನತ್ತ ಕೈ ತೋರುತ್ತಿದ್ದಾನೆ. ಮುಂದೆ ಡೊಳ್ಳುಹೊಟ್ಟೆಯ ಟ್ವೀಡ್, ಅವನ ಜೊತೆಗೆ ನಗರದ ಮೇಯರ್ ಓಕಿ ಹಾಲ್, ಹಿಂದೆ ಗಾರೆ ಕೆಲಸದವನು, ಪೀಠೋಪಕರಣದವನು. ಬೆರಳುಗಳನ್ನು ಒಂದೊಂದಾಗಿ ಹಿಂಬಾಲಿಸಿದರೆ ಹೊರಟಲ್ಲಿಗೇ ಬರುತ್ತೇವೆ. ಆಗ ಇಂಥ ಚಿತ್ರವನ್ನು ಗಟ್ಟಿ ಮರದ ಅಚ್ಚಿನ ಮೇಲೆ ಎಡಬಲ ತಿರುಗಿಸಿ ಬರೆಯಬೇಕಿತ್ತು. ಕೆತ್ತನೆಗಾರರು ಗೆರೆಗಳನ್ನಷ್ಟೇ ಉಳಿಸಿ ಮಿಕ್ಕ ಮರವನ್ನು ಕೊರೆದು ತೆಗೆಯಬೇಕಿತ್ತು. ಅಷ್ಟೆಲ್ಲ ಆದಮೇಲೂ ಆ ಕೋಪ ಬಿಸಿಯಾಗಿಯೇ ಉಳಿದಿದೆ!

ಪತ್ರಿಕೆಯವರು ಏನು ಬರೆದರೂ ತನಗೆ ಚಿಂತೆಯಿಲ್ಲ, ತನ್ನ ಜನಕ್ಕೆ ಓದಲು ಬರುವುದಿಲ್ಲ, ಆದರೆ ಚಿತ್ರಗಳು ಅವರ ಕಣ್ಣಿಗೆ ಬೀಳುತ್ತವೆ ಎಂದು ಟ್ವೀಡ್ ಗೊಣಗಿದನೆಂಬ ಪ್ರತೀತಿ ಇದೆ. ಆ ನವೆಂಬರಿನ ಚುನಾವಣೆಯಲ್ಲಿ ಟಮ್ಮನಿ ನೆಲಕಚ್ಚಿತು. ಟ್ವೀಡ್ ಮಾತ್ರ ರಾಜ್ಯ ಸೆನೆಟ್‌ಗೆ ಗೆದ್ದ. 1873ರಲ್ಲಿ ಶಿಕ್ಷೆಯಾಯಿತು. 1875ರಲ್ಲಿ ಕಾವಲು ತಪ್ಪಿಸಿಕೊಂಡು ಕ್ಯೂಬಾ ಮಾರ್ಗವಾಗಿ ಸ್ಪೇನ್ ತಲುಪಿದ. ಅಲ್ಲಿ ಅವನ ಗುರುತು ಹಿಡಿಯಲು ಅಧಿಕಾರಿಗಳಿಗೆ ನೆರವಾದದ್ದು ನಾಸ್ಟ್‌ನದೇ ಒಂದು ಚಿತ್ರ. 1878ರಲ್ಲಿ ಅವನು ಸತ್ತದ್ದು ನ್ಯೂಯಾರ್ಕಿನ ಜೈಲಿನಲ್ಲಿ.

ಇಷ್ಟು ಹೇಳಿ ನಿಲ್ಲಿಸಲು ನನಗೆ ಮನಸ್ಸು ಒಪ್ಪುವುದಿಲ್ಲ. ಅದೇ 1871ರ ಸೆಪ್ಟೆಂಬರಿನಲ್ಲಿ ನಾಸ್ಟ್ ‘ಅಮೆರಿಕದ ಗಂಗಾ ನದಿ’ ಎಂಬ ಚಿತ್ರ ಬರೆದ. ಕ್ಯಾಥೊಲಿಕ್ ಬಿಷಪ್ಪರು ಮೊಸಳೆಗಳಾಗಿ ದಡಕ್ಕೆ ತೆವಳುತ್ತಿದ್ದಾರೆ, ಅವರ ಕಿರೀಟಗಳೇ ಬಾಯ್ದೆರೆದ ದವಡೆಗಳು. ಟಮ್ಮನಿಯವರು ಬಂಡೆಯ ಮೇಲಿನಿಂದ ಶಾಲಾಮಕ್ಕಳನ್ನು ಅವುಗಳಿಗೆ ಒಪ್ಪಿಸುತ್ತಿದ್ದಾರೆ. ಭಾರತದ ತಾಯಂದಿರು ಹಸುಗೂಸುಗಳನ್ನು ಗಂಗೆಯ ಮೊಸಳೆಗಳಿಗೆ ಎಸೆಯುತ್ತಾರೆಂದು ಮಿಷನರಿಗಳು ಹಬ್ಬಿಸಿದ್ದ ಕಥೆಯೇ ಅದರ ಹಿನ್ನೆಲೆ. ಒಂದೇ ಚಿತ್ರದಲ್ಲಿ ಐರಿಷ್ ವಲಸಿಗರ ಧರ್ಮಕ್ಕೂ ನಮ್ಮ ನದಿಗೂ ಮಸಿ. ನಾಸ್ಟ್ ತಾನೇ ಆರರ ವಯಸ್ಸಿನಲ್ಲಿ ಜರ್ಮನಿಯಿಂದ ವಲಸೆ ಬಂದವನು ಎಂಬುದು ನನ್ನ ನೋವನ್ನು ಹೆಚ್ಚಿಸುತ್ತದೆ.

ಐರಿಷ್ ಬಡವರು ಟ್ವೀಡ್‌ಗೆ ಮತ ಹಾಕಿದ್ದಕ್ಕೆ ಕಾರಣಗಳಿದ್ದವು. ಟಮ್ಮನಿಯವರು ಅವರಿಗೆ ಕೆಲಸ ಕೊಡಿಸಿದರು, ಚಳಿಗಾಲಕ್ಕೆ ಕಲ್ಲಿದ್ದಲು ಹಂಚಿದರು, ಪೌರತ್ವದ ಕಾಗದ ಮಾಡಿಸಿದರು. ಬೇರೆ ಯಾರೂ ಅವರ ಬಾಗಿಲಿಗೆ ಏಕೆ ಹೋಗಲಿಲ್ಲ ಎಂಬ ಪ್ರಶ್ನೆ ನಾನು ನೋಡಿದ ನಾಸ್ಟ್‌ನ ಯಾವ ಚಿತ್ರದಲ್ಲಿಯೂ ಇಲ್ಲ.