ಆನ್‌ಲೈನ್ ಕೋರ್ಸ್ ಸುಲಭಾನಾ ಮೇಡಂ?

ಜನವರಿ ಮತ್ತು ಜುಲೈ ಬಂತೆಂದರೆ ಈ ಪ್ರಶ್ನೆ ಶುರು. ನಾನು ಬೆಂಗಳೂರಿನ ಡಿಗ್ರಿ ಕಾಲೇಜೊಂದರಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುತ್ತೇನೆ. ಆನ್‌ಲೈನ್ ಕೋರ್ಸಿಗೆ ಸೇರುವ ಮಕ್ಕಳನ್ನು ನೋಡಿಕೊಳ್ಳುವ ಜವಾಬ್ದಾರಿಯೂ ನನ್ನದೇ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಮಕ್ಕಳು ಕೇಳುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ನೆಂಟರು ಕೇಳುತ್ತಾರೆ. "ಆನ್‌ಲೈನ್ ಕೋರ್ಸ್ ಹೇಗಿರುತ್ತೆ? ಕಾಲೇಜಿಗಿಂತ ಸುಲಭಾನಾ?"

ಪಾಠ ಅಷ್ಟೇ ಇರುತ್ತದೆ. ಓದಲು ಬೇಕಾದ ಹೊತ್ತೂ ಅಷ್ಟೇ. ಆದರೆ ನಿಮ್ಮನ್ನು ಹಿಡಿದು ಓದಿಗೆ ಕೂರಿಸುವವರು ಯಾರೂ ಇರುವುದಿಲ್ಲ. ಕಾಲೇಜಿನಲ್ಲಿ ಬೆಲ್ ಹೊಡೆಯುತ್ತದೆ, ಹಾಜರಿ ಕೂಗುತ್ತಾರೆ, ಪಕ್ಕದಲ್ಲಿ ಕೂತವಳು "ನಾಳೆ ಟೆಸ್ಟ್ ಇದೆ ಕಣೇ" ಅಂತ ನೆನಪಿಸುತ್ತಾಳೆ. ಆನ್‌ಲೈನ್‌ನಲ್ಲಿ ಈ ಮೂರೂ ಕೆಲಸ ನಿಮ್ಮ ಹೆಗಲಿಗೇ ಬೀಳುತ್ತವೆ. ಕ್ಲಾಸಿನಲ್ಲಿ ಚೆನ್ನಾಗಿ ಓದುವ ಮಕ್ಕಳೂ ನಾಲ್ಕನೇ ವಾರಕ್ಕೆ ಕೋರ್ಸ್ ಕೈಬಿಡುವುದನ್ನು ನೋಡುತ್ತಿರುತ್ತೇನೆ. ವಿಷಯ ಅರ್ಥವಾಗದೆ ಬಿಟ್ಟವರು ಕಡಿಮೆ.

ಆನ್‌ಲೈನ್ ಓದಿನಲ್ಲಿ ಎರಡು ಬಗೆ ಇದೆ. ಕಾಲೇಜಿಗೆ ಹೋಗುತ್ತಲೇ ಒಂದೆರಡು ವಿಷಯವನ್ನು ‘ಸ್ವಯಂ’ ಅನ್ನುವ ಸರ್ಕಾರಿ ಪೋರ್ಟಲಿನಲ್ಲಿ ಓದುವುದು ಒಂದು. ಬಿ.ಕಾಂ., ಎಂ.ಬಿ.ಎ. ಥರದ ಇಡೀ ಡಿಗ್ರಿಯನ್ನೇ ಮನೆಯಿಂದ ಮಾಡುವುದು ಇನ್ನೊಂದು. ನನ್ನ ಹತ್ತಿರ ಬರುವವರಲ್ಲಿ ಮೊದಲನೆಯವರೇ ಜಾಸ್ತಿ. ಹಾಗಾಗಿ ಅದನ್ನೇ ಹೆಚ್ಚು ಹೇಳುತ್ತೇನೆ.

‘ಸ್ವಯಂ’ ಪೋರ್ಟಲನ್ನು ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿತು. ಅದರಲ್ಲಿ ನಮ್ಮ ಮಕ್ಕಳು ಹೆಚ್ಚಾಗಿ ಸೇರುವುದು ಎನ್‌ಪಿಟಿಇಎಲ್ ಕೋರ್ಸುಗಳಿಗೆ. ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಪಾಠಗಳು ಅವು. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಓದಲು ಯುಜಿಸಿ (ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಕೇಂದ್ರದ ಸಂಸ್ಥೆ) 2021ರ ನಿಯಮದಲ್ಲಿ ಅವಕಾಶ ಕೊಟ್ಟಿದೆ. ಆದರೆ ನೀವು ಆರಿಸಿದ ಕೋರ್ಸಿಗೆ ನಿಮ್ಮ ಯೂನಿವರ್ಸಿಟಿ ಕ್ರೆಡಿಟ್ (ಅಂದರೆ ಡಿಗ್ರಿಯ ಲೆಕ್ಕಕ್ಕೆ ಸೇರುವ ಪಾಯಿಂಟ್) ಕೊಡುತ್ತದಾ, ಯಾವ ವಿಷಯದ ಬದಲಿಗೆ ಕೊಡುತ್ತದೆ ಅನ್ನುವುದನ್ನು ಸೇರುವ ಮುಂಚೆಯೇ ವಿಭಾಗದ ಮುಖ್ಯಸ್ಥರನ್ನು ಕೇಳಿ. ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ. ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತಂದ ಮೇಲೆ "ಇದು ನಮ್ಮ ಲಿಸ್ಟಿನಲ್ಲಿಲ್ಲ" ಅಂತ ಕೇಳಿಸಿಕೊಂಡ ಹುಡುಗನ ಮುಖ ನೋಡಲು ಆಗುವುದಿಲ್ಲ.

ಇನ್ನು ಹೊತ್ತಿನ ಲೆಕ್ಕ. ಎನ್‌ಪಿಟಿಇಎಲ್‌ನಲ್ಲಿ 12 ವಾರದ ಕೋರ್ಸಿಗೆ 3 ಕ್ರೆಡಿಟ್, 8 ವಾರದ್ದಕ್ಕೆ 2, 4 ವಾರದ್ದಕ್ಕೆ 1. ವಿಡಿಯೊ ವಾರಕ್ಕೆ ಸುಮಾರು ಎರಡೂವರೆ ಗಂಟೆ. ಮಕ್ಕಳು ಈ ಎರಡೂವರೆ ಗಂಟೆಯನ್ನು ಮಾತ್ರ ನೋಡುತ್ತಾರೆ. "ಭಾನುವಾರ ಒಂದೇ ಸಲ ಮುಗಿಸಿಬಿಡ್ತೀನಿ ಮೇಡಂ" ಅನ್ನುತ್ತಾರೆ. ನೋಟ್ಸ್ ಬರೆಯಬೇಕು, ಲೆಕ್ಕ ಮಾಡಬೇಕು, ಅರ್ಥವಾಗದ ಜಾಗವನ್ನು ಮತ್ತೆ ನೋಡಬೇಕು, ಅಸೈನ್‌ಮೆಂಟ್ ಬರೆಯಬೇಕು. ವಾರಕ್ಕೆ ಆರೇಳು ಗಂಟೆಯನ್ನು ಎತ್ತಿಡಿ ಅಂತ ನಾನು ಹೇಳುತ್ತೇನೆ. ಅದೂ ಮೂರು ನಾಲ್ಕು ದಿನಕ್ಕೆ ಹಂಚಿ.

ಅಸೈನ್‌ಮೆಂಟ್ ಕೊಡುವ ಕೊನೆಯ ಗಡುವು ಸಾಮಾನ್ಯವಾಗಿ ಬುಧವಾರ ರಾತ್ರಿ 11:59. ಇದೇ ರಾತ್ರಿ ಬೆಂಗಳೂರಿನ ಪಿಜಿಗಳಲ್ಲಿ ಎಷ್ಟು ಮಂದಿ ಒಟ್ಟಿಗೇ ಲಾಗಿನ್ ಆಗುತ್ತಾರೋ! ಹನ್ನೊಂದೂವರೆಗೆ ಲಾಗಿನ್ ಆದರೆ ಪೇಜ್ ಸುತ್ತುತ್ತಲೇ ಇರುತ್ತದೆ, ಒಟಿಪಿ ಬರುವುದಿಲ್ಲ, ಇಲ್ಲಾ ಕರೆಂಟೇ ಹೋಗುತ್ತದೆ. ಹನ್ನೆರಡಾದ ಮೇಲೆ ಯಾರಿಗೆ ಹೇಳಿಕೊಂಡರೂ ಪ್ರಯೋಜನವಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಸೋಮವಾರ ಸಂಜೆಯೇ ಗಡುವು ಅಂತ ಹೇಳಿಬಿಟ್ಟಿದ್ದೇನೆ.

ಅಂಕದ ಲೆಕ್ಕ ಸರಿಯಾಗಿ ತಿಳಿದುಕೊಳ್ಳಿ, ಇಲ್ಲಿ ತುಂಬಾ ಜನ ಎಡವುತ್ತಾರೆ. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಹನ್ನೆರಡು ವಾರದ ಕೋರ್ಸಿನಲ್ಲಿ ಚೆನ್ನಾಗಿ ಬಂದ 8 ಅಸೈನ್‌ಮೆಂಟಿನ ಸರಾಸರಿ ಹಿಡಿಯುತ್ತಾರೆ. ಹಾಗಾಗಿ ಹುಷಾರು ತಪ್ಪಿ ಒಂದು ವಾರ ಹೋಯಿತೆಂದು ಕೋರ್ಸನ್ನೇ ಬಿಡಬೇಡಿ. ಆದರೆ ಸರ್ಟಿಫಿಕೇಟ್ ಬೇಕಾದರೆ ಅಸೈನ್‌ಮೆಂಟಿನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30, ಎರಡೂ ಬರಲೇಬೇಕು. ಅಸೈನ್‌ಮೆಂಟಿನಲ್ಲಿ 24, ಪರೀಕ್ಷೆಯಲ್ಲಿ 28 ತೆಗೆದರೆ ಒಟ್ಟು 52 ಆಗುತ್ತದೆ, ಸರ್ಟಿಫಿಕೇಟ್ ಬರುವುದಿಲ್ಲ. ಇಂಥ ಅಂಕ ಯಾಕೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಅಸೈನ್‌ಮೆಂಟಿನ ಉತ್ತರ ಟೆಲಿಗ್ರಾಮ್ ಗ್ರೂಪುಗಳಲ್ಲಿ ಓಡಾಡುತ್ತದೆ, ಈಗ ಚಾಟ್‌ಜಿಪಿಟಿಯೂ ಬಂದಿದೆ. ಪರೀಕ್ಷೆಯನ್ನು ಮಾತ್ರ ಸೆಂಟರಿಗೆ ಹೋಗಿಯೇ ಬರೆಯಬೇಕು. ಮೊಬೈಲ್ ಹೊರಗೆ, ಮೇಲ್ವಿಚಾರಕರು ಒಳಗೆ. ವಾರವಾರ ಕಾಪಿ ಹೊಡೆದವರಿಗೆ ಅಲ್ಲಿ ಮೊದಲ ಪ್ರಶ್ನೆಗೇ ಕೈ ನಿಂತುಹೋಗುತ್ತದೆ.

ಕೋರ್ಸಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಕೊಟ್ಟ ಹಾಗಲ್ಲ. ಪರೀಕ್ಷೆಗೆ ಬೇರೆ ಅರ್ಜಿ, ಬೇರೆ ಕೊನೆಯ ದಿನ. ಸೇರುವುದು ಉಚಿತ, ಪರೀಕ್ಷೆಗೆ ಶುಲ್ಕವಿದೆ. ಈಚಿನ ವರ್ಷಗಳಲ್ಲಿ ಒಂದು ಕೋರ್ಸಿಗೆ 1000 ರೂಪಾಯಿ ಇತ್ತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಷರತ್ತಿನ ಮೇಲೆ ರಿಯಾಯಿತಿ ಉಂಟು, ಕೇಳಿ ಪಡೆಯಿರಿ. ಬೆಂಗಳೂರಿನಲ್ಲಿ ಸೆಂಟರ್ ಊರಿನ ಯಾವ ಮೂಲೆಗೆ ಬೇಕಾದರೂ ಬೀಳಬಹುದು. ರಾಜಾಜಿನಗರದಲ್ಲಿ ಇರುವವರು ವೈಟ್‌ಫೀಲ್ಡ್ ಕಡೆಗೆ ಹೊರಡಬೇಕಾಗಿ ಬಂದರೆ ಎಷ್ಟು ಬೇಗ ಏಳಬೇಕು ಅಂತ ನಿಮಗೇ ಗೊತ್ತು. ಹಾಲ್ ಟಿಕೆಟ್ ಪ್ರಿಂಟು, ಒರಿಜಿನಲ್ ಗುರುತಿನ ಚೀಟಿ ಹಿಂದಿನ ದಿನವೇ ಬ್ಯಾಗಿಗೆ ಹಾಕಿಡಿ.

ಈಗ ಪಾಠ ನೋಡುವ ರೀತಿ. ಡಬಲ್ ಸ್ಪೀಡಿನಲ್ಲಿ ಹಾಕಿ, ಮಲಗಿಕೊಂಡು, ಮೊಬೈಲಿನಲ್ಲಿ ನೋಡಿದರೆ ಎಲ್ಲಾ ಅರ್ಥವಾದಂತೆ ಅನಿಸುತ್ತದೆ. ಮೇಷ್ಟ್ರು ಚೆನ್ನಾಗಿ ಹೇಳುತ್ತಾರೆ, ತಲೆ ಆಡಿಸುತ್ತೀರಿ, ಮುಗಿಯಿತು. ಮಾರನೇ ದಿನ ಅದೇ ಲೆಕ್ಕ ಕೊಟ್ಟರೆ ಬರುವುದಿಲ್ಲ. ಮೊದಲ ಸಲ ನೋಡುವಾಗ ಮೇಜಿನ ಮುಂದೆ ಕೂತು, ಕೈಯಲ್ಲಿ ಪೆನ್ನು ಹಿಡಿದು ನೋಡಿ. ಅವರು ಲೆಕ್ಕ ಬರೆದ ಕೂಡಲೇ ವಿಡಿಯೊ ನಿಲ್ಲಿಸಿ. ನೀವು ಬಿಡಿಸಿ, ಆಮೇಲೆ ಮುಂದೆ ಓಡಿಸಿ. ಎರಡನೇ ಸಲದ್ದಕ್ಕೆ ಮೆಟ್ರೊ ಪ್ರಯಾಣ ಸಾಕು. ಮನೆಯಲ್ಲಿ ವೈಫೈ ಇರುವಾಗ ಡೌನ್‌ಲೋಡ್ ಮಾಡಿಟ್ಟುಕೊಂಡರೆ ದಿನದ ಡೇಟಾ ಉಳಿಯುತ್ತದೆ.

ಡೌಟ್ ಕೇಳುವುದನ್ನು ಕಲಿಯಬೇಕು. ನನ್ನ ಪ್ರಕಾರ ಆನ್‌ಲೈನ್ ಓದಿನಲ್ಲಿ ಇದೇ ಮುಖ್ಯ ಕೆಲಸ. ಕ್ಲಾಸಿನಲ್ಲಾದರೆ ನಿಮ್ಮ ಮುಖ ನೋಡಿಯೇ ನಮಗೆ ತಿಳಿಯುತ್ತದೆ, ಅಲ್ವಾ? ಹಿಂದಿನ ಬೆಂಚಿನಲ್ಲಿ ಇಬ್ಬರು ಹುಬ್ಬು ಗಂಟಿಕ್ಕಿದರೆ ನಾನು ಸೀಮೆಸುಣ್ಣ ಹಿಡಿದು ಮತ್ತೊಮ್ಮೆ ಶುರು ಮಾಡುತ್ತೇನೆ. ರೆಕಾರ್ಡ್ ಆದ ಪಾಠಕ್ಕೆ ನಿಮ್ಮ ಮುಖ ಕಾಣುವುದಿಲ್ಲ. ಬರೆದು ಕೇಳಬೇಕು. "ಸರ್, ವೀಕ್ 3 ಅರ್ಥ ಆಗಿಲ್ಲ, ಪ್ಲೀಸ್ ಎಕ್ಸ್‌ಪ್ಲೇನ್" ಅಂತ ಬರೆದರೆ ಉತ್ತರ ಕೊಡುವವರಿಗೆ ಎಲ್ಲಿಂದ ಹಿಡಿಯಬೇಕೋ ಗೊತ್ತಾಗುವುದಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ಬರೆದ ಡೌಟ್ ಹೀಗಿತ್ತು (ವೇರಿಯನ್ಸ್ ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ, ಎನ್ ಅಂದರೆ ಎಷ್ಟು ಅಂಕಿಗಳಿವೆ ಅನ್ನುವುದು): "ಮೂರನೇ ವಾರದ ಎರಡನೇ ಪಾಠದಲ್ಲಿ ವೇರಿಯನ್ಸ್ ತೆಗೆಯುವಾಗ ಎನ್ ಮೈನಸ್ 1ರಿಂದ ಭಾಗಿಸಿದ್ದೀರಿ. ಹಿಂದಿನ ಪಾಠದಲ್ಲಿ ಎನ್‌ನಿಂದ ಭಾಗಿಸಿದ್ದಿರಿ. ಅಲ್ಲಿ ಇಡೀ ಗುಂಪಿನ ಲೆಕ್ಕ ಇತ್ತು, ಇಲ್ಲಿ ಸ್ಯಾಂಪಲ್ ಮಾತ್ರ ಇದೆ, ಅದಕ್ಕೇನಾ? ಸ್ಯಾಂಪಲ್ ಆದರೆ ಯಾಕೆ 1 ಕಳೆಯಬೇಕು?" ಎಷ್ಟು ಚಂದದ ಪ್ರಶ್ನೆ! ಇದಕ್ಕೆ ನಾಲ್ಕು ಸಾಲಿನಲ್ಲಿ ಉತ್ತರ ಕೊಡಬಹುದು. ಸ್ಯಾಂಪಲಿನ ಸರಾಸರಿಯನ್ನು ಅದೇ ಅಂಕಿಗಳಿಂದ ತೆಗೆದಿರುತ್ತೇವೆ. ಹಾಗಾಗಿ ಅಂಕಿಗಳು ಆ ಸರಾಸರಿಗೆ ಸ್ವಲ್ಪ ಜಾಸ್ತಿಯೇ ಹತ್ತಿರ ಇರುತ್ತವೆ. ಎನ್‌ನಿಂದ ಭಾಗಿಸಿದರೆ ವೇರಿಯನ್ಸ್ ಇರಬೇಕಾದ್ದಕ್ಕಿಂತ ಕಡಿಮೆ ಬರುತ್ತದೆ. ಆ ಕೊರತೆ ತುಂಬಲು ಎನ್ ಮೈನಸ್ 1. ಆ ಹುಡುಗಿ ಡೌಟ್ ಬರೆಯುವಾಗಲೇ ಅರ್ಧ ಉತ್ತರ ತಾನೇ ಕಂಡುಕೊಂಡಿದ್ದಳು. ಯಾವ ಪಾಠ, ಯಾವ ನಿಮಿಷ, ಅಲ್ಲಿಯವರೆಗೆ ನಿಮಗೆ ಅರ್ಥವಾದದ್ದೇನು, ಈ ಮೂರನ್ನು ಬರೆದರೆ ಸಾಕು. ಉತ್ತರ ಬರಲು ಒಂದೆರಡು ದಿನ ಹಿಡಿಯಬಹುದು, ಅದಕ್ಕೇ ವಾರದ ಶುರುವಿನಲ್ಲೇ ಪಾಠ ನೋಡಿ ಅನ್ನುವುದು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ವಿಶೇಷವಾಗಿ ಹೇಳಬೇಕು. ಮೊದಲ ಎರಡು ವಾರ ಇಂಗ್ಲಿಷ್ ಪಾಠ ಕಿವಿಗೆ ಹತ್ತುವುದಿಲ್ಲ. ಮೇಷ್ಟ್ರು ಚೆನ್ನೈಯವರೋ ಖರಗ್‌ಪುರದವರೋ ಆಗಿರುತ್ತಾರೆ, ಉಚ್ಚಾರಣೆ ಬೇರೆ, ವೇಗ ಬೇರೆ. ದಡ್ಡರು ಅಂದುಕೊಂಡು ಹೊರಗೆ ಬರಬೇಡಿ. ಸಬ್‌ಟೈಟಲ್ ಹಾಕಿಕೊಳ್ಳಿ, ಸ್ಪೀಡ್ ಕಡಿಮೆ ಮಾಡಿ. ಪದೇ ಪದೇ ಬರುವ ಇಪ್ಪತ್ತು ಮೂವತ್ತು ಪದಗಳನ್ನು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದು, ಎದುರಿಗೆ ಕನ್ನಡದಲ್ಲಿ ಅರ್ಥ ಬರೆಯಿರಿ. ಎನ್‌ಪಿಟಿಇಎಲ್‌ನ ಕೆಲವು ಕೋರ್ಸುಗಳ ಪಾಠ ಕನ್ನಡದ ಬರಹದಲ್ಲೂ ಸಿಗುತ್ತದೆ, ನಿಮ್ಮ ಕೋರ್ಸಿನದು ಇದೆಯಾ ನೋಡಿ. ಎಲ್ಲಕ್ಕಿಂತ ಒಳ್ಳೆಯ ಉಪಾಯ ಅಂದರೆ ಅದೇ ಕೋರ್ಸಿಗೆ ಸೇರಿದ ಇನ್ನಿಬ್ಬರನ್ನು ಹುಡುಕಿ, ವಾರಕ್ಕೊಮ್ಮೆ ಕ್ಯಾಂಟೀನಿನಲ್ಲಿ ಕೂತು ಕನ್ನಡದಲ್ಲೇ ಪಾಠವನ್ನು ಒಬ್ಬರಿಗೊಬ್ಬರು ಹೇಳುವುದು. ಗೆಳತಿಗೆ ಕನ್ನಡದಲ್ಲಿ ಹೇಳಲು ಬಂದರೆ ಆ ಪಾಠ ನಿಮ್ಮದಾಯಿತು.

ಮನೆಯ ವಿಷಯ ಯಾವ ಪೋರ್ಟಲಿನಲ್ಲೂ ಬರೆದಿರುವುದಿಲ್ಲ. ಬೆಳಗ್ಗೆ ಬ್ಯಾಗ್ ಹಾಕಿಕೊಂಡು ಹೊರಟರೆ ಮಗಳು ಕಾಲೇಜಿಗೆ ಹೋದಳು ಅಂತ ಮನೆಯವರಿಗೆ ಗೊತ್ತು. ಅದೇ ಹಾಲಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತರೆ, ಅವಳು ಬಿಡುವಾಗಿದ್ದಾಳೆ ಅಂತಲೇ ಲೆಕ್ಕ. "ಸ್ವಲ್ಪ ಹಾಲು ನೋಡ್ಕೋ", "ಗ್ಯಾಸಿನವನು ಬಂದ, ಬಾಗಿಲು ತೆಗಿ", "ಅತ್ತೆ ಬಂದಿದ್ದಾರೆ, ಮಾತಾಡ್ಸಿ ಬಾ". ಒಂದೊಂದೂ ಎರಡು ನಿಮಿಷದ ಕೆಲಸ, ಆದರೆ ಒಂದು ಗಂಟೆಯ ಪಾಠ ಪೂರ್ತಿ ಹಾಳು. ಗಂಡು ಮಕ್ಕಳಿಗಿಂತ ಹೆಣ್ಣು ಮಕ್ಕಳಿಗೆ ಈ ಕರೆ ಜಾಸ್ತಿ ಬರುತ್ತದೆ. ಇದು ನನಗೆ ತುಂಬಾ ಬೇಸರದ ವಿಷಯ. ಕೋರ್ಸ್ ಶುರುವಾಗುವ ಮೊದಲೇ ಅಪ್ಪ ಅಮ್ಮನ ಜೊತೆ ಕೂತು ಮಾತಾಡಿ. "ಸೋಮವಾರ, ಮಂಗಳವಾರ, ಶುಕ್ರವಾರ ಸಂಜೆ ಆರರಿಂದ ಎಂಟು ನನ್ನ ಕ್ಲಾಸು" ಅಂತ ದಿನ, ಗಂಟೆ ಸಮೇತ ಹೇಳಿ. ತಾಯಂದಿರು ಹೇಳಿದರೆ ಕೇಳುತ್ತಾರೆ. ಇದೂ ಕ್ಲಾಸೇ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ. ಮನೆಯಲ್ಲಿ ಆಗುವುದೇ ಇಲ್ಲ ಅಂದರೆ ಕಾಲೇಜಿನ ಲೈಬ್ರರಿಯಲ್ಲಿ ಕೂತು ಮುಗಿಸಿಕೊಂಡೇ ಹೊರಡಿ. ನಿಮ್ಮ ಬಡಾವಣೆಯ ಸಾರ್ವಜನಿಕ ಗ್ರಂಥಾಲಯವೂ ಇದೆ, ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯವೂ ಇದೆ. ಇಯರ್‌ಫೋನ್ ಮರೆಯಬೇಡಿ.

ಇಡೀ ಡಿಗ್ರಿಯನ್ನೇ ಆನ್‌ಲೈನ್‌ನಲ್ಲಿ ಮಾಡುವವರಿಗೆ ಸ್ವಲ್ಪದರಲ್ಲೇ ಹೇಳುತ್ತೇನೆ. ಯುಜಿಸಿಯ ದೂರಶಿಕ್ಷಣ ಬ್ಯೂರೊದ ವೆಬ್‌ಸೈಟಿನಲ್ಲಿ ಆ ಯೂನಿವರ್ಸಿಟಿ ಮತ್ತು ಆ ಡಿಗ್ರಿ, ಎರಡರ ಹೆಸರೂ ನೀವು ಸೇರುವ ವರ್ಷಕ್ಕೆ ಇದೆಯಾ ನೋಡಿ. ಇದ್ದರೆ ಆ ಡಿಗ್ರಿ ಮಾಮೂಲಿ ಡಿಗ್ರಿಗೆ ಸಮ ಅಂತ ಯುಜಿಸಿ 2022ರಲ್ಲೇ ಸ್ಪಷ್ಟವಾಗಿ ಹೇಳಿದೆ. ಎಂಜಿನಿಯರಿಂಗ್, ಮೆಡಿಕಲ್, ನರ್ಸಿಂಗ್, ಫಾರ್ಮಸಿ, ಕಾನೂನು ಡಿಗ್ರಿಗಳನ್ನು ಆನ್‌ಲೈನ್‌ನಲ್ಲಿ ಕೊಡಲು ಅನುಮತಿ ಇಲ್ಲ. ಕೊಡಿಸುತ್ತೇವೆ ಅಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಫ್ರಾಂಚೈಸಿ (ಯೂನಿವರ್ಸಿಟಿಯ ಹೆಸರಿನಲ್ಲಿ ಬೇರೆಯವರು ನಡೆಸುವ ಸೆಂಟರ್) ಮೂಲಕ ಡಿಗ್ರಿ ನಡೆಸುವುದಕ್ಕೂ ಯುಜಿಸಿ ನಿಯಮದಲ್ಲಿ ಅವಕಾಶವಿಲ್ಲ. ಫೀಸನ್ನು ಯೂನಿವರ್ಸಿಟಿಯ ಖಾತೆಗೇ ಕಟ್ಟಿ. ಮಧ್ಯದಲ್ಲಿ ಫೋನ್ ಮಾಡಿ "ಇವತ್ತೇ ಕಟ್ಟಿದರೆ ಡಿಸ್ಕೌಂಟ್" ಅನ್ನುವವರಿಗೆ ಇವತ್ತೇ ಕಟ್ಟಬೇಡಿ.

ಮೊದಲ ಸಲ ಸೇರುವವರು ಒಂದೇ ಕೋರ್ಸ್ ತೆಗೆದುಕೊಳ್ಳಿ, ಸಾಧ್ಯವಾದರೆ 4 ಅಥವಾ 8 ವಾರದ್ದು. ಸುಮ್ನೆ ಮೂರಕ್ಕೆ ಸೇರಿ ಮೂರನ್ನೂ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಸೇರುವುದು ಉಚಿತವಾದ್ದರಿಂದ ಮೊದಲ ಎರಡು ವಾರದ ಪಾಠ ನೋಡಿ, ಎರಡು ಅಸೈನ್‌ಮೆಂಟ್ ಬರೆಯಿರಿ. ಆಮೇಲೆ ಪರೀಕ್ಷೆಯ ಶುಲ್ಕ ಕಟ್ಟಿ. ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡವರು ಬರೆದಿಟ್ಟ ಡೌಟ್ ಹಿಡಿದುಕೊಂಡು ಮಧ್ಯಾಹ್ನ ಊಟದ ಬಿಡುವಿನಲ್ಲಿ ಬನ್ನಿ, ನಾನು ಸ್ಟಾಫ್ ರೂಮಿನಲ್ಲೇ ಇರುತ್ತೇನೆ.